ವಿದೇಶಿ ಕೈ ಒಳಗೆ ಬರುವ ಬಾಗಿಲು ಯಾವುದು?

2025ರ ಫೆಬ್ರವರಿಯಲ್ಲಿ ಎದ್ದ ಒಂದು ಗದ್ದಲ ಇವತ್ತಿಗೂ ಹಲವರಿಗೆ ಬಗೆಹರಿದಿಲ್ಲ. ಇಲಾನ್ ಮಸ್ಕ್ ಮುಂದಾಳತ್ವದಲ್ಲಿ ಅಮೆರಿಕ ಸರ್ಕಾರದ ಖರ್ಚು ಕಡಿಯುತ್ತಿದ್ದ 'ಡೋಜ್' ತಂಡ, ಭಾರತದಲ್ಲಿ ಮತದಾನ ಹೆಚ್ಚಿಸಲು ಇಟ್ಟಿದ್ದ 2.1 ಕೋಟಿ ಡಾಲರ್ ರದ್ದಾಗಿದೆ ಎಂದು ಒಂದು ಸಾಲು ಪ್ರಕಟಿಸಿತು. ನಮ್ಮ ಲೆಕ್ಕದಲ್ಲಿ ಸುಮಾರು 180 ಕೋಟಿ ರೂಪಾಯಿ. ನಾಲ್ಕೈದು ದಿನದಲ್ಲಿ ಟ್ರಂಪ್ ಅದನ್ನು ಎತ್ತಿಕೊಂಡು, ಭಾರತದಲ್ಲಿ ಬೇರೆ ಯಾರನ್ನೋ ಗೆಲ್ಲಿಸಲು ನೋಡುತ್ತಿದ್ದರು ಅನಿಸುತ್ತೆ ಎಂದರು. ಅದಾಗಿ ಒಂದೆರಡು ದಿನಕ್ಕೆ ಅದೇ ಟ್ರಂಪ್, ಆ ಹಣ ನನ್ನ ಗೆಳೆಯ ಮೋದಿಗೆ ಹೋಗುತ್ತಿತ್ತು ಎಂದರು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ, ಅಲ್ವಾ?

ಇಲ್ಲಿ ಬಿಜೆಪಿ ಕಾಂಗ್ರೆಸ್ ಕಡೆ ಬೆರಳು ತೋರಿಸಿತು, ಕಾಂಗ್ರೆಸ್ ಬಿಜೆಪಿ ಕಡೆ. ಇದೆಲ್ಲ ಬಹಳ ಕಳವಳದ ವಿಷಯ ಎಂದು ವಿದೇಶಾಂಗ ಇಲಾಖೆ ಹೇಳಿತು. ಅಷ್ಟರಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ದಾಖಲೆ ಹುಡುಕಿ, ಆ ಹಣ ಮಂಜೂರಾಗಿದ್ದು 2022ರಲ್ಲಿ, ಅದೂ ಬಾಂಗ್ಲಾದೇಶಕ್ಕೆ ಎಂದು ವರದಿ ಮಾಡಿತು. ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಉತ್ತರ ಕೊಟ್ಟಿತು. 2014ರಿಂದ 2024ರವರೆಗೆ ಭಾರತದಲ್ಲಿ ಮತದಾನ ಹೆಚ್ಚಿಸಲು ಅಂಥ ಹಣ ಬಂದೂ ಇಲ್ಲ, ಕೊಟ್ಟೂ ಇಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದೆ ಎಂಬುದು ಆ ಉತ್ತರದ ಸಾರ. ಆರು ತಿಂಗಳು ಟಿವಿಯಲ್ಲಿ ಗಂಟಲು ಹರಿದುಕೊಂಡವರು ಈ ಉತ್ತರದ ದಿನ ಮಾತ್ರ ಸುಮ್ಮನಿದ್ದರು.

ಹಾಗಂತ ವಿದೇಶಿ ಕೈವಾಡ ಅನ್ನೋದೇ ಕಟ್ಟುಕತೆ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಕೆಲವು ದೇಶಗಳಲ್ಲಿ ಅದು ನಿಜವಾಗಿ ನಡೆದಿದೆ, ದಾಖಲೆ ಸಮೇತ. ಆದರೆ ನಡೆದ ರೀತಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೊರಗಿನವರು ಗೋಡೆ ಒಡೆದು ಬಂದಿದ್ದು ಕಡಿಮೆ. ಒಳಗಿನವರು ತಮ್ಮ ಅನುಕೂಲಕ್ಕೆ ತೆರೆದಿಟ್ಟುಕೊಂಡ ಬಾಗಿಲಿನಿಂದ ಬಂದಿದ್ದೇ ಜಾಸ್ತಿ.

ಬಾಯಿ ಹಾಕುವುದು ಬೇರೆ, ಕೈ ಹಾಕುವುದು ಬೇರೆ

ಮೊದಲು ಯಾವುದು ಹಸ್ತಕ್ಷೇಪ ಅಲ್ಲ ಎಂಬುದನ್ನು ನೋಡೋಣ. 2025ರ ಜನವರಿಯಲ್ಲಿ ಮಸ್ಕ್ ಜರ್ಮನಿಯ ತೀವ್ರ ಬಲಪಂಥೀಯ ಎಎಫ್‌ಡಿ ಪಕ್ಷದ ನಾಯಕಿ ಜೊತೆ ಎಲ್ಲರೆದುರು ಆನ್‌ಲೈನ್‌ನಲ್ಲಿ ಹರಟಿ, ಆ ಪಕ್ಷಕ್ಕೇ ಮತ ಹಾಕಿ ಎಂದರು. ಜರ್ಮನ್ನರು ಸಿಟ್ಟಾದರು. 2019ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನ ಸಭೆಯಲ್ಲಿ ಪ್ರಧಾನಿ ಮೋದಿ 'ಅಬ್ ಕೀ ಬಾರ್ ಟ್ರಂಪ್ ಸರ್ಕಾರ್' ಎಂಬ ಘೋಷಣೆ ಹೇಳಿದಾಗ ಇದು ಬೇರೆ ದೇಶದ ಚುನಾವಣೆಗೆ ತಲೆ ಹಾಕಿದಂತೆ ಎಂದು ಕಾಂಗ್ರೆಸ್ ಆಕ್ಷೇಪಿಸಿತು. ಟ್ರಂಪ್ ಅವರೇ ಹಿಂದೆ ಬಳಸಿದ್ದ ಮಾತನ್ನು ನೆನಪಿಸಿದ್ದು ಅಷ್ಟೇ ಎಂದು ವಿದೇಶಾಂಗ ಸಚಿವರು ಸಮಜಾಯಿಷಿ ಕೊಟ್ಟರು. ಇಂಥದ್ದು ಸರಿಯೋ ತಪ್ಪೋ ಎಂದು ಜಗಳ ಆಡಬಹುದು. ಆದರೆ ಮಾತಾಡಿದವರು ಯಾರು ಎಂಬುದು ಮತದಾರರಿಗೆ ಗೊತ್ತಿರುತ್ತದೆ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ಅವರೇ ತೂಗಿ ನೋಡಬಹುದು.

ನಡುವೆ ಇನ್ನೊಂದು ಬಗೆ ಇದೆ. 2019ರ ಲೋಕಸಭಾ ಚುನಾವಣೆಯಲ್ಲಿ ಬಾಂಗ್ಲಾದೇಶದ ನಟ ಫೆರ್ದೌಸ್ ಅಹ್ಮದ್ ಪಶ್ಚಿಮ ಬಂಗಾಳದ ರಾಯ್‌ಗಂಜ್‌ನಲ್ಲಿ ತೃಣಮೂಲ ಅಭ್ಯರ್ಥಿ ಪರ ರೋಡ್ ಶೋ ಮಾಡಿದರು. ವೀಸಾ ರದ್ದಾಯಿತು, ದೇಶ ಬಿಡಿ ಎಂದು ನೋಟಿಸ್ ಬಂತು. ನಿಯಮ ಮುರಿದಿದ್ದು ಹೌದು, ಆದರೆ ಹಗಲಲ್ಲಿ, ಎಲ್ಲರ ಕಣ್ಣೆದುರು. ಅದಕ್ಕೇ ಅದನ್ನು ನಿಲ್ಲಿಸುವುದೂ ಸುಲಭವಾಯಿತು.

ತಲೆನೋವಿರುವುದು ಮುಚ್ಚಿಟ್ಟು ಮಾಡುವ ಕೆಲಸದಲ್ಲಿ. ಸುಳ್ಳು ಹೆಸರಿನಲ್ಲಿ ಮಾತಾಡುವುದು, ಬೇರೆಯವರ ಖಾತೆಯಲ್ಲಿ ದುಡ್ಡು ಸುರಿಯುವುದು, ಕದ್ದ ಇಮೇಲುಗಳನ್ನು ಹೊತ್ತು ನೋಡಿ ಹೊರಗೆ ಬಿಡುವುದು. ಮತಯಂತ್ರಕ್ಕೇ ಕೈ ಹಾಕುವುದರ ಬಗ್ಗೆ ನಮ್ಮಲ್ಲಿ ಚರ್ಚೆ ವಿಪರೀತ. ಆದರೆ ಹೊರದೇಶದವರು ಹಿಡಿದ ದಾರಿ ಸಾಮಾನ್ಯವಾಗಿ ಅದಲ್ಲ. ಒಂದೊಂದು ಬೂತಿನ ಯಂತ್ರ ತಿದ್ದುವ ಪಾಡಿಗಿಂತ ಮತದಾರನ ತಲೆಯನ್ನೋ ಜೇಬನ್ನೋ ಹಿಡಿಯುವುದು ಅಗ್ಗ.

ಹ್ಯೂಸ್ಟನ್ನಿನ ಒಂದು ಶನಿವಾರ

ಎಷ್ಟು ಅಗ್ಗ? 2016ರ ಮೇ 21, ಶನಿವಾರ. ಅಮೆರಿಕದಲ್ಲಿ ಅದು ಅಧ್ಯಕ್ಷ ಚುನಾವಣೆಯ ವರ್ಷ. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಎರಡು ಗುಂಪು ಸೇರಿದವು. ಒಂದು ಗುಂಪು ಟೆಕ್ಸಸ್‌ನಲ್ಲಿ ಇಸ್ಲಾಂ ಹರಡುವುದು ನಿಲ್ಲಲಿ ಎಂದು ಕೂಗಲು ಬಂದಿತ್ತು. ಇನ್ನೊಂದು ಗುಂಪು ಅದನ್ನು ವಿರೋಧಿಸಲು ರಸ್ತೆಯ ಆಚೆ ಬದಿಗೆ ನಿಂತಿತ್ತು. ಮೊದಲನೆಯವರನ್ನು ಕರೆದಿದ್ದು 'ಹಾರ್ಟ್ ಆಫ್ ಟೆಕ್ಸಸ್' ಎಂಬ ಫೇಸ್‌ಬುಕ್ ಪುಟ. ಎರಡನೆಯವರನ್ನು ಕರೆದಿದ್ದು 'ಯುನೈಟೆಡ್ ಮುಸ್ಲಿಮ್ಸ್ ಆಫ್ ಅಮೆರಿಕ' ಎಂಬ ಪುಟ. ಎರಡೂ ಪುಟ ನಡೆಸುತ್ತಿದ್ದವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ 'ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ' ಎಂಬ ಒಂದೇ ಸಂಸ್ಥೆಯವರು. ಎರಡೂ ಕಡೆಯ ಜಾಹೀರಾತಿಗೆ ಸೇರಿ ಆದ ಖರ್ಚು ಸುಮಾರು 200 ಡಾಲರ್ ಎಂದು ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಹೇಳಲಾಯಿತು.

ಅಲ್ಲಿ ಕೂಗಿದವರು ಬಾಡಿಗೆ ಜನ ಅಲ್ಲ. ಸಿಟ್ಟು ಅವರದೇ, ನಂಬಿಕೆ ಅವರದೇ. ಹೊರಗಿನವರು ಮಾಡಿದ್ದು ಆ ಎರಡು ಸಿಟ್ಟುಗಳನ್ನು ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ತಂದು ನಿಲ್ಲಿಸಿದ್ದು. ಯಾವ ಗುಂಪು ಗೆದ್ದರೂ ಅವರಿಗೆ ಲಾಭ, ಯಾಕೆಂದರೆ ಅವರಿಗೆ ಬೇಕಿದ್ದಿದ್ದು ಜಗಳ.

2018ರ ಫೆಬ್ರವರಿಯಲ್ಲಿ ಈ ಸಂಸ್ಥೆಗೆ ಸಂಬಂಧಿಸಿದ 13 ರಷ್ಯನ್ನರ ಮೇಲೆ, ಜುಲೈನಲ್ಲಿ ಆ ಚುನಾವಣೆಯ ಹೊತ್ತಿಗೆ ಡೆಮಾಕ್ರಟಿಕ್ ಪಕ್ಷದವರ ಇಮೇಲ್ ಕದ್ದ ಆರೋಪದಲ್ಲಿ ರಷ್ಯಾ ಸೇನಾ ಬೇಹುಗಾರಿಕೆಯ 12 ಅಧಿಕಾರಿಗಳ ಮೇಲೆ ಅಮೆರಿಕ ದೋಷಾರೋಪ ಹೊರಿಸಿತು. ರಷ್ಯಾ ಎಲ್ಲವನ್ನೂ ಅಲ್ಲಗಳೆಯಿತು.

ರುಮೇನಿಯಾ: ಮತ ಎಣಿಸಿದ ಮೇಲೆ ಚುನಾವಣೆ ರದ್ದು

ಈಗ ಯುರೋಪಿನ ರುಮೇನಿಯಾಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿದೇಶಿ ಕೈವಾಡದ ಭಯವೂ, ಆ ಭಯಕ್ಕೆ ಕೊಟ್ಟ ಮದ್ದಿನ ಅಡ್ಡ ಪರಿಣಾಮವೂ ಇಲ್ಲಿ ಒಟ್ಟಿಗೇ ಕಾಣಸಿಗುತ್ತವೆ.

2024ರ ನವೆಂಬರ್ 24ರಂದು ಅಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆಯಿತು. ಯಾರಿಗೂ ಬಹುಮತ ಬರದಿದ್ದರೆ ಮೊದಲಿಬ್ಬರ ನಡುವೆ ಎರಡನೇ ಸುತ್ತು. ಕೆಲವು ವಾರಗಳ ಹಿಂದೆ ಸಮೀಕ್ಷೆಗಳಲ್ಲಿ ಲೆಕ್ಕಕ್ಕೇ ಇಲ್ಲದಿದ್ದ, ರಷ್ಯಾ ಪರ ಎನ್ನಿಸಿಕೊಂಡಿದ್ದ ಕಾಲಿನ್ ಜಾರ್ಜೆಸ್ಕು ಸುಮಾರು 23 ಶೇಕಡಾ ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಪ್ರಚಾರಕ್ಕೆ ಮಾಡಿದ ಖರ್ಚು ಎಷ್ಟು ಎಂದರೆ, ಅವರು ಕೊಟ್ಟ ಲೆಕ್ಕ: ಸೊನ್ನೆ. ಟಿಕ್‌ಟಾಕ್ ತುಂಬ ಅವರದೇ ವಿಡಿಯೋ, ಖರ್ಚು ಮಾತ್ರ ಸೊನ್ನೆ.

ಡಿಸೆಂಬರ್ 4ರಂದು ಅಲ್ಲಿನ ಬೇಹುಗಾರಿಕೆ ಸಂಸ್ಥೆಗಳ ಗುಪ್ತ ವರದಿಗಳನ್ನು ಬಹಿರಂಗ ಮಾಡಲಾಯಿತು. ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25,000 ಟಿಕ್‌ಟಾಕ್ ಖಾತೆಗಳು ದಿಢೀರನೆ ಚುರುಕಾದವು, ಒಂದೇ ಖಾತೆಯಿಂದ ವಿಡಿಯೋ ಮಾಡುವವರಿಗೆ 3,81,000 ಡಾಲರ್ ಹೋಗಿದೆ ಎಂದು ಅವುಗಳಲ್ಲಿತ್ತು. ಇದು ಒಂದು ಸರ್ಕಾರ ಮಾಡಿಸುವ ರೀತಿಯ ಕೆಲಸ ಎಂಬ ಮಾತೂ ಇತ್ತು. ಎಲ್ಲರ ಕಣ್ಣು ರಷ್ಯಾ ಕಡೆ ತಿರುಗಿತು, ರಷ್ಯಾ ಅಲ್ಲಗಳೆಯಿತು. ಎರಡು ದಿನ ಕಳೆದು, ಎರಡನೇ ಸುತ್ತಿಗೆ ಇನ್ನು ಎರಡೇ ದಿನ ಇರುವಾಗ, ವಿದೇಶದಲ್ಲಿರುವ ರುಮೇನಿಯನ್ನರು ಆಗಲೇ ಮತ ಹಾಕುತ್ತಿರುವಾಗ, ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು.

ರದ್ದು ಮಾಡಿದ್ದು ಸರಿ ಎನ್ನುವವರ ವಾದ ಹೀಗೆ. ಲೆಕ್ಕ ಕೊಡದ ಹಣದಿಂದ, ಯಾರದು ಎಂದು ಗೊತ್ತಿಲ್ಲದ ಖಾತೆಗಳಿಂದ ಗೆದ್ದ ಗೆಲುವು ಗೆಲುವಲ್ಲ. ಒಮ್ಮೆ ಅಧ್ಯಕ್ಷ ಕುರ್ಚಿಯಲ್ಲಿ ಕೂತ ಮೇಲೆ ಎಬ್ಬಿಸುವುದು ಯಾರು? ತಪ್ಪು ಎನ್ನುವವರ ವಾದವೂ ಹಗುರವಲ್ಲ. ಮತ ಎಣಿಕೆಯಲ್ಲಿ ಮೋಸ ಆಗಿಲ್ಲ. ಜನ ತಾವಾಗಿ ಹೋಗಿ ಒತ್ತಿದ ಮುದ್ರೆ ಅದು. ವಿಡಿಯೋ ನೋಡಿ ಮನಸ್ಸು ಬದಲಿಸಿದರು ಎಂಬ ಕಾರಣಕ್ಕೆ ಮತವನ್ನೇ ಕಸದ ಬುಟ್ಟಿಗೆ ಹಾಕಬಹುದೇ? ಎರಡನೇ ಸುತ್ತಿನಲ್ಲಿ ಜಾರ್ಜೆಸ್ಕು ಎದುರಾಳಿಯಾಗಿದ್ದ ಎಲೆನಾ ಲಾಸ್ಕೋನಿ ಕೂಡ ರದ್ದತಿಯನ್ನು ಖಂಡಿಸಿದರು. ಯುರೋಪಿನ ಸಂವಿಧಾನ ತಜ್ಞರ ಸಂಸ್ಥೆಯಾದ ವೆನಿಸ್ ಆಯೋಗ 2025ರ ಜನವರಿಯಲ್ಲಿ, ಬರೀ ಗುಪ್ತಚರ ಮಾಹಿತಿ ಹಿಡಿದು ಇಂಥ ತೀರ್ಮಾನಕ್ಕೆ ಬರಬಾರದು ಎಂದಿತು.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. ತುಮಕೂರು ಗ್ರಾಮಾಂತರದ 2018ರ ವಿಧಾನಸಭಾ ಫಲಿತಾಂಶವನ್ನೇ ತೆಗೆದುಕೊಳ್ಳಿ. ಮತದಾರರಿಗೆ ವಿಮೆ ಬಾಂಡ್ ಹಂಚಿ ಆಮಿಷ ಒಡ್ಡಿದ್ದಾರೆ ಎಂಬ ತಕರಾರು ಅರ್ಜಿ ಮೇಲೆ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಎಂದಿದ್ದು 2023ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಐದು ವರ್ಷದ ಅವಧಿಯೇ ಮುಗಿಯುತ್ತಾ ಬಂದಿತ್ತು, ಮೇಲ್ಮನವಿಗೆ ಕಾಲಾವಕಾಶವೂ ಸಿಕ್ಕಿತು. ಅಲ್ಲಿ ಹನ್ನೆರಡು ದಿನ, ಇಲ್ಲಿ ಹತ್ತಿರ ಹತ್ತಿರ ಐದು ವರ್ಷ. ಒಂದರಲ್ಲಿ ಸಾಕ್ಷ್ಯವನ್ನು ಪೂರ್ತಿ ಜಾಲಾಡಲು ಪುರುಸೊತ್ತಿರಲಿಲ್ಲ. ಇನ್ನೊಂದರಲ್ಲಿ ಜಾಲಾಡಿ ಮುಗಿಸುವ ಹೊತ್ತಿಗೆ ತೀರ್ಪಿನಿಂದ ಯಾರಿಗೂ ಹೆಚ್ಚು ಪ್ರಯೋಜನ ಇರಲಿಲ್ಲ.

ರುಮೇನಿಯಾ ಕತೆಯ ಬಾಲ ಇನ್ನೂ ಇದೆ. ಆ ಟಿಕ್‌ಟಾಕ್ ಪ್ರಚಾರದ ಒಂದು ಭಾಗಕ್ಕೆ ದುಡ್ಡು ಕೊಟ್ಟಿದ್ದು ದೇಶದೊಳಗಿನದೇ ಒಂದು ದೊಡ್ಡ ಪಕ್ಷ, ಅದೂ ಜಾರ್ಜೆಸ್ಕು ವಿರುದ್ಧ ಸ್ಪರ್ಧಿಸಿದ್ದ ಪಕ್ಷ ಎಂದು ಅಲ್ಲಿನ ತನಿಖಾ ಪತ್ರಕರ್ತರು ವರದಿ ಮಾಡಿದರು. ವಿಡಿಯೋ ಮಾಡುವವರಿಗೆ ಕೊಟ್ಟಿದ್ದ ಸ್ಕ್ರಿಪ್ಟಿನಲ್ಲಿ ಯಾವ ಅಭ್ಯರ್ಥಿಯ ಹೆಸರೂ ಇರಲಿಲ್ಲ, ಒಳ್ಳೆಯ ಅಧ್ಯಕ್ಷ ಹೇಗಿರಬೇಕು ಎಂಬ ವರ್ಣನೆ ಮಾತ್ರ ಇತ್ತು. ಅದರ ಕೆಳಗೆ ಕಾಮೆಂಟುಗಳಲ್ಲಿ ಜಾರ್ಜೆಸ್ಕು ಹೆಸರು ತುಂಬಿಕೊಂಡಿತು. ನಮ್ಮ ಪ್ರಚಾರವನ್ನು ಬೇರೆಯವರು ತಿರುಚಿಕೊಂಡರು ಎಂದು ಆ ಪಕ್ಷ ಹೇಳಿತು. ಅದೇನೇ ಇರಲಿ, ಹೆಸರಿಲ್ಲದ ಪ್ರಚಾರಕ್ಕೆ ಗುಟ್ಟಾಗಿ ದುಡ್ಡು ಕೊಡುವ ಪದ್ಧತಿ ಅಲ್ಲಿ ಮೊದಲೇ ಇತ್ತು. ಹೊರಗಿನವರು ಹೊಸದಾಗಿ ಏನನ್ನೂ ಕಟ್ಟಬೇಕಿರಲಿಲ್ಲ. ಪಕ್ಷಗಳು ತಮ್ಮ ಉಪಯೋಗಕ್ಕೆ ಹಾಕಿಕೊಂಡ ಹಳಿಯ ಮೇಲೆ ಯಾರ ರೈಲು ಬೇಕಾದರೂ ಓಡುವಂತಿತ್ತು.

ಮರುಚುನಾವಣೆಗೆ ಜಾರ್ಜೆಸ್ಕು ನಿಲ್ಲದಂತೆ ತಡೆಯಲಾಯಿತು. 2025ರ ಮೇ 4ರ ಮೊದಲ ಸುತ್ತಿನಲ್ಲಿ ಅವರ ಬೆಂಬಲಿಗರನ್ನು ಸೆಳೆದ ಜಾರ್ಜ್ ಸಿಮಿಯೋನ್ 41 ಶೇಕಡಾ ಮತ ಪಡೆದರು. ರದ್ದತಿಯಿಂದ ಆ ಸಿಟ್ಟು ಕರಗಲಿಲ್ಲ, ಹೆಚ್ಚಾಯಿತು ಅಷ್ಟೇ. ಮೇ 18ರ ಎರಡನೇ ಸುತ್ತಿಗೆ ಜನ ಇನ್ನೂ ಹೆಚ್ಚಾಗಿ ಬಂದು ಮತ ಹಾಕಿದ್ದರಿಂದ ಸಿಮಿಯೋನ್ ಎದುರಾಳಿ ನಿಕುಶೋರ್ ಡಾನ್ ಗೆದ್ದರು.

ತುಮಕೂರು ಜಿಲ್ಲೆಗಿಂತ ಚಿಕ್ಕ ದೇಶ

ರುಮೇನಿಯಾ ಪಕ್ಕದ ಮಾಲ್ಡೋವಾದ ಕತೆ ಬೇರೆ. ಅಲ್ಲಿ ನಡೆದಿದ್ದು ನೇರ ದುಡ್ಡಿನ ಆಟ. ಆ ದೇಶದ ಜನಸಂಖ್ಯೆ ಸುಮಾರು 24 ಲಕ್ಷ. ನಮ್ಮ ತುಮಕೂರು ಜಿಲ್ಲೆಯಲ್ಲೇ 2011ರ ಜನಗಣತಿ ಪ್ರಕಾರ 26 ಲಕ್ಷದ ಮೇಲೆ ಜನ ಇದ್ದಾರೆ. ಇಷ್ಟು ಚಿಕ್ಕ ಮತಪಟ್ಟಿಯನ್ನು ದುಡ್ಡಿನಿಂದ ಅಲುಗಾಡಿಸುವುದು ದೊಡ್ಡ ದೇಶಕ್ಕೆ ಕಷ್ಟವಲ್ಲ.

2024ರ ಅಕ್ಟೋಬರ್ 20ರಂದು ಅಲ್ಲಿ ಅಧ್ಯಕ್ಷ ಚುನಾವಣೆ ಜೊತೆಗೆ ಯುರೋಪಿಯನ್ ಒಕ್ಕೂಟ ಸೇರುವ ಗುರಿ ಸಂವಿಧಾನದಲ್ಲಿ ಇರಬೇಕೇ ಎಂಬ ಜನಮತಗಣನೆ ಇತ್ತು. ಬ್ಯಾಂಕ್ ವಂಚನೆ ಪ್ರಕರಣದಲ್ಲಿ ಶಿಕ್ಷೆಯಾಗಿ ದೇಶ ಬಿಟ್ಟು, ಮಾಸ್ಕೋದಲ್ಲಿ ಕೂತಿದ್ದ ಉದ್ಯಮಿ ಇಲಾನ್ ಶೋರ್, ಬೇಡ ಎಂದು ಮತ ಹಾಕಿಸಿದವರಿಗೆ ಹಣ ಕೊಡುವುದಾಗಿ ಟೆಲಿಗ್ರಾಂನಲ್ಲಿ ರಾಜಾರೋಷವಾಗಿ ಕರೆ ಕೊಟ್ಟರು. ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ರಷ್ಯಾದಿಂದ ಸುಮಾರು 1.5 ಕೋಟಿ ಡಾಲರ್ ಬಂದಿದೆ, 1,30,000ಕ್ಕೂ ಹೆಚ್ಚು ಜನರ ಖಾತೆಗೆ ರಷ್ಯಾದ ಒಂದು ಬ್ಯಾಂಕಿನ ಮೂಲಕ ಹೋಗಿದೆ ಎಂದು ಮಾಲ್ಡೋವಾ ಪೊಲೀಸರು ಹೇಳಿದರು. ಫಲಿತಾಂಶ ಬಂದಾಗ 'ಹೌದು' ಕಡೆಗೆ 50.35 ಶೇಕಡಾ. ಅಂತರ ಹತ್ತೂವರೆ ಸಾವಿರ ಮತದಷ್ಟು. ದುಡ್ಡು ಹೋಗಿದೆ ಎಂದ ಜನರ ಸಂಖ್ಯೆಯನ್ನೂ ಈ ಅಂತರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ವಲ್ಪದರಲ್ಲಿ ತಪ್ಪಿತು.

ಅಂತರ ಕಡಿಮೆ ಇದ್ದಾಗ ಸಣ್ಣ ತಳ್ಳಾಟವೂ ದೊಡ್ಡದಾಗುತ್ತದೆ. ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2023ರಲ್ಲಿ ಮಾಲೂರು ತೀರ್ಮಾನವಾಗಿದ್ದು 248 ಮತದಲ್ಲಿ, ಎಣಿಕೆಯ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2014ರಲ್ಲಿ ಇಡೀ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದ ಅಂತರ 9,520. ಇವೆರಡಕ್ಕೂ ವಿದೇಶಕ್ಕೂ ಸಂಬಂಧವಿಲ್ಲ, ದಯವಿಟ್ಟು ತಳಕು ಹಾಕಬೇಡಿ. ಹೇಳಬೇಕಿರುವುದು ಇಷ್ಟೇ: ಚುನಾವಣೆ ತಿರುಗಿಸಲು ಕೋಟಿ ಜನರ ಮನಸ್ಸು ಬದಲಾಯಿಸಬೇಕಿಲ್ಲ.

ಮತ ನಿಜಕ್ಕೂ ಬದಲಾಗುತ್ತದಾ?

ಇಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. 2016ರಲ್ಲಿ ರಷ್ಯಾದ ಖಾತೆಗಳು ಟ್ವಿಟರ್‌ನಲ್ಲಿ ಹಾಕಿದ್ದನ್ನು ಯಾರು ನೋಡಿದರು ಎಂದು ಲೆಕ್ಕ ಹಾಕಿದ ಒಂದು ಅಧ್ಯಯನ 2023ರಲ್ಲಿ ಬಂತು. ಒಟ್ಟು ನೋಟದಲ್ಲಿ 70 ಶೇಕಡಾ ನೋಡಿದ್ದು ಕೇವಲ 1 ಶೇಕಡಾ ಬಳಕೆದಾರರು, ಅವರಲ್ಲೂ ಬಹಳಷ್ಟು ಜನ ಆಗಲೇ ಒಂದು ಪಕ್ಷಕ್ಕೆ ಗಟ್ಟಿಯಾಗಿ ಅಂಟಿಕೊಂಡವರು. ನೋಡಿದ್ದಕ್ಕೂ ನಿಲುವು ಬದಲಾಗಿದ್ದಕ್ಕೂ ನಂಟು ಕಾಣಲಿಲ್ಲ. ಭಯ ಅತಿಯಾಗಿದೆ ಎನ್ನುವವರು ಇದನ್ನು ಮುಂದಿಡುತ್ತಾರೆ.

ಇನ್ನೊಂದು ಕಡೆಯವರು ಹೇಳುವುದು: ಅದು ಟ್ವಿಟರ್ ಒಂದರ ಲೆಕ್ಕ. ಕದ್ದ ಇಮೇಲುಗಳನ್ನು ಅಮೆರಿಕದ ದೊಡ್ಡ ಪತ್ರಿಕೆ, ಟಿವಿಗಳೇ ವಾರಗಟ್ಟಲೆ ಚರ್ಚಿಸಿದವು, ಅದರ ಪರಿಣಾಮ ಅಳೆದವರು ಯಾರು? ಆ ವರ್ಷ ಮೂರು ರಾಜ್ಯಗಳಲ್ಲಿ ಸೇರಿ ಸುಮಾರು 78,000 ಮತ ಅಧ್ಯಕ್ಷ ಚುನಾವಣೆಯ ಫಲಿತಾಂಶ ತೀರ್ಮಾನಿಸಿತು. ಇಷ್ಟು ಕಿರಿದಾದ ಅಂತರದಲ್ಲಿ ಪರಿಣಾಮ ಇತ್ತು ಎಂದೂ ಸಾಬೀತು ಮಾಡಲಾಗದು, ಇರಲಿಲ್ಲ ಎಂದೂ ಸಾಬೀತು ಮಾಡಲಾಗದು.

ನನಗನ್ನಿಸುವಂತೆ ಹಾನಿ ಇರುವುದೇ ಇಲ್ಲಿ. ಸೋತವನು ಸೋಲು ಒಪ್ಪಿಕೊಂಡರೆ ಮಾತ್ರ ಚುನಾವಣೆ ಎಂಬ ವ್ಯವಸ್ಥೆ ನಡೆಯುತ್ತದೆ. ಹೊರಗಿನವರ ಕೈ ಇತ್ತು ಎಂಬ ಅನುಮಾನ ಒಮ್ಮೆ ಹೊಕ್ಕರೆ ಸೋತವರಿಗೆ ಒಪ್ಪಿಕೊಳ್ಳದಿರಲು ನೆಪ ಸಿಗುತ್ತದೆ, ಗೆದ್ದವರಿಗೆ ವಿರೋಧಿಗಳನ್ನೆಲ್ಲ ವಿದೇಶಿ ಏಜೆಂಟರು ಎನ್ನಲು ನೆಪ ಸಿಗುತ್ತದೆ. ಒಂದು ಮತವೂ ಬದಲಾಗದಿದ್ದರೂ ಕೆಲಸ ಆಯಿತು. ಕೈವಾಡ ನಿಜವಾಗಿ ನಡೆಯದಿದ್ದರೂ ಇದೇ ಆಗುತ್ತದೆ, ಆ 2.1 ಕೋಟಿ ಡಾಲರ್ ಗದ್ದಲದಲ್ಲಿ ಆಗಿದ್ದೂ ಅದೇ.

ನರಸಾಪುರದಲ್ಲಿ ನಡೆದಿದ್ದನ್ನು ನೋಡಿ. ಅದು ಚುನಾವಣೆಯಲ್ಲ, ಆದರೆ ರೋಗದ ಲಕ್ಷಣ ಒಂದೇ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಐಫೋನ್ ಮಾಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದಾಂಧಲೆ ನಡೆಯಿತು. ಬೆನ್ನಲ್ಲೇ ಸಂಚು, ಹೊರಗಿನವರ ಕೈವಾಡ ಎಂಬ ಮಾತು ಜೋರಾಯಿತು. ಆಮೇಲೆ ಕಾರ್ಖಾನೆಗಳ ಇಲಾಖೆ ಪರಿಶೀಲಿಸಿದಾಗ ಸಿಕ್ಕಿದ್ದು ಸಂಬಳ, ಓಟಿ, ಹಾಜರಾತಿ ಲೆಕ್ಕದ ಗೋಲ್‌ಮಾಲ್. ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಕೊಟ್ಟಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ದಾಂಧಲೆ ಸರಿ ಅಂತಲ್ಲ. ಹೊರಗಿನವರ ಕಡೆ ಬೆರಳು ತೋರಿಸಿದಷ್ಟು ಹೊತ್ತು ಒಳಗಿನ ಲೆಕ್ಕದ ಪುಸ್ತಕ ಯಾರೂ ತೆರೆಯುವುದಿಲ್ಲ.

ಯಾರ ಕೈಯೂ ಪೂರ್ತಿ ಸ್ವಚ್ಛವಿಲ್ಲ

ರಷ್ಯಾ, ಚೀನಾ ಮಾತ್ರ ಇದನ್ನು ಮಾಡುತ್ತವೆ ಎಂದುಕೊಂಡರೆ ಅದು ಅರ್ಧ ಕತೆ. 1946ರಿಂದ 2000ದವರೆಗಿನ ಚುನಾವಣೆಗಳನ್ನು ಲೆಕ್ಕ ಹಾಕಿದ ಸಂಶೋಧಕ ಡೋವ್ ಲೆವಿನ್ ಪ್ರಕಾರ ಅಮೆರಿಕ 81 ಕಡೆ, ಸೋವಿಯತ್ ಒಕ್ಕೂಟ ಮತ್ತು ರಷ್ಯಾ 36 ಕಡೆ ಬೇರೆ ದೇಶಗಳ ಚುನಾವಣೆಗೆ ಕೈ ಹಾಕಿವೆ. ಭಾರತವೂ ಹೊರತಲ್ಲ. ಕಮ್ಯುನಿಸ್ಟರ ವಿರುದ್ಧ ಎರಡು ಬಾರಿ ಅಮೆರಿಕದ ಹಣ ಕಾಂಗ್ರೆಸ್‌ಗೆ ಹೋಗಿತ್ತು ಎಂದು ದೆಹಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ 1978ರಲ್ಲಿ ಬರೆದರು. ಕಾಂಗ್ರೆಸ್ ಅದನ್ನು ಒಪ್ಪಲಿಲ್ಲ.

ಈಗ ನಾವು ಆರೋಪಿಯ ಕಟಕಟೆಯಲ್ಲೂ ಇದ್ದೇವೆ. ಕೆನಡಾದಲ್ಲಿ ನ್ಯಾಯಮೂರ್ತಿ ಮರೀ-ಜೋಸೇ ಓಗ್ ನೇತೃತ್ವದ ವಿಚಾರಣಾ ಆಯೋಗ 2025ರ ಜನವರಿಯಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ಅಲ್ಲಿ ಹಸ್ತಕ್ಷೇಪಕ್ಕೆ ಯತ್ನಿಸುವ ದೇಶಗಳ ಪೈಕಿ ಚೀನಾ ನಂತರದ ಹೆಸರು ಭಾರತದ್ದು. ಭಾರತ ಅದನ್ನು ಸಾರಾಸಗಟಾಗಿ ತಳ್ಳಿಹಾಕಿತು, ತಲೆ ಹಾಕುತ್ತಿರುವುದು ಕೆನಡಾವೇ ಎಂದಿತು. ಹಸ್ತಕ್ಷೇಪದ ಯತ್ನ ನಡೆದಿದ್ದರೂ ಅದರಿಂದ ಒಟ್ಟು ಫಲಿತಾಂಶ ಬದಲಾಗಿಲ್ಲ ಎಂದೂ ಅದೇ ಆಯೋಗ ಹೇಳಿತ್ತು. ಆ ಸಾಲನ್ನು ಎರಡೂ ದೇಶದ ಟಿವಿಗಳು ಹೆಚ್ಚು ಓದಲಿಲ್ಲ.

ನಮ್ಮ ಬಾಗಿಲು

ವಿದೇಶಿ ಹಣ ರಾಜಕೀಯಕ್ಕೆ ಬರಬಾರದು ಎಂಬ ಕಾನೂನು ನಮ್ಮಲ್ಲಿ ಬಂದಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. 2010ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಎನ್‌ಜಿಒಗಳ ಮೇಲೆ ಅದು ಎಷ್ಟು ಬಿಗಿ ಎಂಬುದು ಆ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಪಕ್ಷಗಳ ಮೇಲೆ?

2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಲಂಡನ್ನಿನ ವೇದಾಂತ ಕಂಪನಿಗೆ ಸೇರಿದ ಇಲ್ಲಿನ ಕಂಪನಿಗಳಿಂದ ದೇಣಿಗೆ ತೆಗೆದುಕೊಂಡು ಕಾಂಗ್ರೆಸ್ಸೂ ಬಿಜೆಪಿಯೂ ಈ ಕಾಯ್ದೆಯನ್ನು ಮುರಿದಿವೆ, ಕ್ರಮ ಕೈಗೊಳ್ಳಿ ಎಂದಿತು. ಎರಡೂ ಪಕ್ಷ ಸುಪ್ರೀಂ ಕೋರ್ಟ್‌ಗೆ ಹೋದವು. 2016ರಲ್ಲಿ ಸರ್ಕಾರ ಹಣಕಾಸು ಮಸೂದೆಯೊಳಗೆ ಒಂದು ತಿದ್ದುಪಡಿ ಸೇರಿಸಿ, ಇಂಥ ಕಂಪನಿಗಳು ವಿದೇಶಿ ಮೂಲ ಅಲ್ಲ ಎಂದು ಬದಲಾಯಿಸಿತು, ಅದೂ 2010ರಿಂದಲೇ ಅನ್ವಯವಾಗುವಂತೆ. ಆದರೆ ಮುರಿದಿದ್ದು 1976ರ ಕಾಯ್ದೆಯನ್ನು ತಾನೆ? ಅದಕ್ಕೇ 2018ರಲ್ಲಿ ಇನ್ನೊಂದು ತಿದ್ದುಪಡಿ ಬಂತು, 1976ರ ಆಗಸ್ಟ್‌ನಿಂದಲೇ ಅನ್ವಯ. ಲೋಕಸಭೆಯಲ್ಲಿ ಗದ್ದಲದ ನಡುವೆ ಚರ್ಚೆ ಇಲ್ಲದೆ ಪಾಸಾಯಿತು. ಹಳೆಯ ತಪ್ಪು ಒಂದು ಸಾಲಿನ ತಿದ್ದುಪಡಿಯಿಂದ ತಪ್ಪೇ ಅಲ್ಲವಾಯಿತು. ಬೇರೆ ಎಲ್ಲದಕ್ಕೂ ಕಚ್ಚಾಡುವ ಎರಡು ಪಕ್ಷಗಳು ಇದಕ್ಕೆ ಮಾತ್ರ ಬೀದಿಗಿಳಿಯಲಿಲ್ಲ.

ಇದರಿಂದ ಲಗಾಮಿಲ್ಲದೆ ವಿದೇಶಿ ಹಣ ಪಕ್ಷಗಳಿಗೆ ಬರಬಹುದು, ವಿದೇಶಿ ಕಂಪನಿಗಳು ನಮ್ಮ ನೀತಿಗಳ ಮೇಲೆ ಪ್ರಭಾವ ಬೀರಬಹುದು ಎಂದು ಚುನಾವಣಾ ಆಯೋಗವೇ 2019ರಲ್ಲಿ ಸುಪ್ರೀಂ ಕೋರ್ಟ್‌ಗೆ ಪ್ರಮಾಣಪತ್ರ ಸಲ್ಲಿಸಿತ್ತು. ಕೊಟ್ಟವರ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್ 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ವಿದೇಶಿ ಮೂಲದ ಅರ್ಥ ಬದಲಿಸಿದ ತಿದ್ದುಪಡಿ ಆ ತೀರ್ಪಿನಲ್ಲಿ ಬೀಳಲಿಲ್ಲ.

ಗಡಿ ತಾಲೂಕಿನ ಫೋನುಗಳಲ್ಲಿ

ಮಾತಿನ ಬಾಗಿಲು ಇನ್ನೂ ಅಗಲ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ತಮಿಳು. ಇದರ ಜೊತೆಗೆ ಉರ್ದು, ಎಲ್ಲವೂ ಬೆರೆತು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಆಗುವ ಭಾಷೆ. ಇಂಥ ಮಾತಿನಲ್ಲಿ ಹೊರಗಿನವನೊಬ್ಬ ನಮ್ಮೂರಿನವನಂತೆ ನಟಿಸುವುದು ಮೊದಲು ಕಷ್ಟವಿತ್ತು. ಮೊದಲ ಸಾಲಿನಲ್ಲೇ ಸಿಕ್ಕಿಬೀಳುತ್ತಿದ್ದ. ಕೃತಕ ಬುದ್ಧಿಮತ್ತೆ ಆ ಕಷ್ಟವನ್ನು ಕಡಿಮೆ ಮಾಡುತ್ತಿದೆ. ಆದರೆ ಅದನ್ನು ಹಿಡಿಯಬೇಕಾದ ಕಂಪನಿಗಳ ಕಾವಲು ಇಂಗ್ಲಿಷಿನಲ್ಲಿ ಇದ್ದಷ್ಟು ಈ ಬೆರಕೆ ಮಾತಿನಲ್ಲಿ ಇರುವುದು ಕಷ್ಟ.

2024ರ ಮೇ ತಿಂಗಳಲ್ಲಿ, ನಮ್ಮ ಲೋಕಸಭಾ ಚುನಾವಣೆ ನಡೆಯುತ್ತಿರುವಾಗಲೇ, ಇಸ್ರೇಲಿನ 'ಸ್ಟೋಯಿಕ್' ಎಂಬ ಕಂಪನಿ ನಮ್ಮ ಎಐ ಬಳಸಿ ಬಿಜೆಪಿಯನ್ನು ಟೀಕಿಸುವ, ಕಾಂಗ್ರೆಸ್ ಅನ್ನು ಹೊಗಳುವ ಕಾಮೆಂಟುಗಳನ್ನು ತಯಾರಿಸುತ್ತಿತ್ತು ಎಂದು ಚಾಟ್‌ಜಿಪಿಟಿ ತಯಾರಿಸಿದ ಅಮೆರಿಕದ ಕಂಪನಿ ಓಪನ್‌ಎಐ ಹೇಳಿತು. ಭಾರತದ ಕುರಿತ ಈ ಕೆಲಸವನ್ನು ಒಂದು ದಿನದೊಳಗೆ ತಡೆದೆವು, ಹೆಚ್ಚು ಜನ ನೋಡಲೂ ಇಲ್ಲ ಎಂದಿತು. ಅಂದರೆ ಇದು ಕೂಲಿಗೆ ಸಿಗುವ ಕೆಲಸ. ದುಡ್ಡು ಕೊಡುವವರು ಹೊರದೇಶದವರೇ ಆಗಿರಬೇಕಿಲ್ಲ.

ನಮ್ಮ ನಿಯಮ ಎಲ್ಲಿ ನಿಲ್ಲುತ್ತದೆ ನೋಡಿ. ಕೋಲಾರದಲ್ಲಿ ನಿಂತ ಅಭ್ಯರ್ಥಿ ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಬೇಕಾದರೆ ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಸಮಿತಿಯಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಖರ್ಚನ್ನು ವಿಧಾನಸಭೆಗಾದರೆ 40 ಲಕ್ಷ, ಲೋಕಸಭೆಗಾದರೆ 95 ಲಕ್ಷದ ಮಿತಿಯೊಳಗೆ ತೋರಿಸಬೇಕು. ಆದರೆ ಹೆಸರಿಲ್ಲದ ಒಂದು ಪುಟ, ಒಬ್ಬ ರೀಲ್ಸ್ ಮಾಡುವ ಹುಡುಗ ಕೈಯಲ್ಲಿ ಕವರ್ ತೆಗೆದುಕೊಂಡು ಮಾಡಿದ ವಿಡಿಯೋ ಜಾಹೀರಾತು ಎಂದು ಎಲ್ಲೂ ನಮೂದಾಗುವುದಿಲ್ಲ. ಸಮಿತಿಯ ಮುಂದೆ ಬರುವುದಿಲ್ಲ, ಖರ್ಚಿನ ಲೆಕ್ಕಕ್ಕೂ ಬರುವುದಿಲ್ಲ. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲುತ್ತದೆ, ವಾಟ್ಸಾಪ್ ನಿಲ್ಲುವುದಿಲ್ಲ. ಆ ವಿಡಿಯೋಗೆ ದುಡ್ಡು ಕೊಟ್ಟಿದ್ದು ಪಕ್ಕದ ಬೀದಿಯ ಗುತ್ತಿಗೆದಾರನೋ, ಬೆಂಗಳೂರಿನ ಪಕ್ಷದ ವಾರ್ ರೂಮೋ, ಯಾವುದೋ ದೇಶದ ಏಜೆನ್ಸಿಯೋ, ನೋಡುವವನಿಗೆ ಮೂರೂ ಒಂದೇ ಥರ ಕಾಣುತ್ತದೆ.

ಮುಂದೇನು

ಯುರೋಪಿಯನ್ ಒಕ್ಕೂಟ ಒಂದು ದಾರಿ ಹಿಡಿದಿದೆ. ರಾಜಕೀಯ ಜಾಹೀರಾತಿಗೆ ಹಣ ಕೊಟ್ಟವರು ಯಾರು ಎಂದು ಕಡ್ಡಾಯವಾಗಿ ತೋರಿಸಬೇಕು ಎಂಬ ನಿಯಮ 2025ರ ಅಕ್ಟೋಬರ್ 10ರಿಂದ ಜಾರಿಗೆ ಬಂದಿದೆ. ಪರಿಣಾಮ ಸ್ವಲ್ಪ ವಿಚಿತ್ರ. ಈ ರಗಳೆಯೇ ಬೇಡ ಎಂದು ಗೂಗಲ್, ಮೆಟಾ ಎರಡೂ ಅಲ್ಲಿ ರಾಜಕೀಯ ಜಾಹೀರಾತನ್ನೇ ನಿಲ್ಲಿಸಿಬಿಟ್ಟವು. ಹೆಸರು ಹಾಕಿ ಪ್ರಚಾರ ಮಾಡುತ್ತಿದ್ದ ಸಣ್ಣ ಪಕ್ಷಗಳಿಗೆ ದಾರಿ ಮುಚ್ಚಿತು. ರುಮೇನಿಯಾದಲ್ಲಿ ನಡೆದ ಹಾಗೆ ಜಾಹೀರಾತು ಎಂದು ಹೇಳಿಕೊಳ್ಳದೇ ಓಡುವ ವಿಡಿಯೋಗಳನ್ನು ಹಿಡಿಯುವ ಕೆಲಸ ಹಾಗೇ ಬಾಕಿ ಇದೆ.

ಇಲ್ಲಿ ಅಷ್ಟೂ ಆಗಿಲ್ಲ. ಹೀಗಾಗಿ ಮುಂದಿನ ಚುನಾವಣೆಗೂ ಫೆಬ್ರವರಿಯ ಗದ್ದಲದಂಥದ್ದೇ ಇನ್ನೊಂದು ಬರುವ ಸಾಧ್ಯತೆ ಜಾಸ್ತಿ. ಯಾವುದೋ ದೇಶದ ಹೆಸರು, ಒಂದು ದೊಡ್ಡ ಮೊತ್ತ, ಎರಡು ಪಕ್ಷಗಳ ಕೂಗಾಟ. ಆಗ ಎರಡು ಪ್ರಶ್ನೆ ಕೇಳಿ ನೋಡಿ. ಹಣ ಯಾರ ಖಾತೆಯಿಂದ ಯಾರ ಖಾತೆಗೆ ಹೋಯಿತು ಎಂಬ ದಾಖಲೆ ಎಲ್ಲಿದೆ? ಆರೋಪ ಮಾಡುವ ಪಕ್ಷ ತನ್ನ ಖಾತೆ ತೋರಿಸಲು ತಯಾರಿದೆಯಾ? ಎರಡನೆಯದಕ್ಕೆ ಸದ್ಯ ಕಾನೂನಿನ ಒತ್ತಾಯ ಅರ್ಧ ಮಾತ್ರ ಇದೆ. 20,000 ರೂಪಾಯಿ ಮೀರಿದ ದೇಣಿಗೆ ಕೊಟ್ಟವರ ಹೆಸರನ್ನು ಪಕ್ಷಗಳು ಪ್ರತಿವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು, ಆ ಪಟ್ಟಿ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪಟ್ಟಿಯಲ್ಲಿ ಕಂಪನಿಯ ಹೆಸರಿರುತ್ತದೆ, ವಿಳಾಸ ಇರುತ್ತದೆ, ಮೊತ್ತ ಇರುತ್ತದೆ. ಆ ಕಂಪನಿಯ ಷೇರು ಯಾವ ದೇಶದವರ ಕೈಲಿದೆ ಎಂದು ಬರೆಯಲು ಅದರಲ್ಲಿ ಜಾಗವೇ ಇಲ್ಲ.